ಸೋಲಾರ್‌ಗೆ ಹೊಲ ಲೀಸ್ ಕೊಡಬೇಕಾ, ಬೇಡವಾ? ಅನುಭವ ಇದ್ದವರು ಹೇಳಿ

ನಮ್ಮದು ಮುಂಡರಗಿ ತಾಲೂಕು. 12 ಎಕರೆ ಇದೆ, 8 ಎರಿ (ಕಪ್ಪು ಮಣ್ಣು), 4 ಮಸಾರಿ (ಕೆಂಪು ಮಣ್ಣು). ಸೋಲಾರ್ ಕಂಪನಿ ಕಡೆಯ ಏಜೆಂಟ್ 28 ವರ್ಷದ ಲೀಸ್‌ಗೆ ಕೇಳುತ್ತಿದ್ದಾನೆ. ತಮ್ಮ ಕೊಟ್ಟುಬಿಡೋಣ ಅಂತಾನೆ, ಅಪ್ಪ ಒಲ್ಲೆ ಅಂತಾರೆ. ಮಳೆ ನಂಬಿ ಕೂತರೆ ಸಾಲ ತೀರುವುದಿಲ್ಲ, ನಿಜ. ಆದರೆ ಕಳೆ ತೆಗೆಯೋಕೆ ಬರುವ ಹೆಣ್ಣಾಳುಗಳು, ಸುಗ್ಗಿ ಮುಗಿದ ಮೇಲೆ ಬರುವ ಕುರಿಯವರು ಎಲ್ಲಿ ಹೋಗಬೇಕು? ಪರಿಸರಕ್ಕೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಏನು ಮಾಡಲಿ?

ಗದಗ ತಾಲೂಕಿನಿಂದ

ತಮ್ಮಾ, ಮೊದಲು ಎರಿ ಹೊಲದ ಮಾತೇ ತೆಗೆಯಬೇಡ. ಮುಂಗಾರಿಗೆ ಹೆಸರು, ಅದು ಬಂದಮೇಲೆ ಹಿಂಗಾರಿಗೆ ಕಡಲೆ ಇಲ್ಲವೇ ಬಿಳಿಜೋಳ. ಬೋರ್ ಇಲ್ಲದೆ, ಬರೀ ಮಣ್ಣಿನ ತೇವದ ಮೇಲೆ ಎರಡನೇ ಬೆಳೆ ಕೊಡುವ ಭೂಮಿ ಅದು. ಅದನ್ನು ಸಪಾಟು ಮಾಡಿ, ಜಲ್ಲಿ ಹಾಕಿ, ಕಂಬ ನೆಟ್ಟರೆ ಮುಗಿಯಿತು. ಮಸಾರಿ ಬೇರೆ ಮಾತು.

ನಾವು ಮಸಾರಿ ಅಷ್ಟೇ ಕೊಟ್ಟೆವು. ಏಜೆಂಟ್‌ಗೆ ಅದು ಹಿಡಿಸಲಿಲ್ಲ. 1 ಮೆಗಾವಾಟ್‌ಗೆ ಸುಮಾರು 4-5 ಎಕರೆ ಬೇಕು, ಅದೂ ಎಲ್ಲ ಒಂದೇ ಕಡೆ. ಅದಕ್ಕೇ 'ಬಾಜೂದವರು ಆಗಲೇ ಸಹಿ ಹಾಕಿದ್ದಾರೆ' ಅಂತ ಪ್ರತಿ ಮನೆಯಲ್ಲೂ ಹೇಳುತ್ತಾ ಹೋಗಿದ್ದ. ಒಂದು ಸಂಜೆ ಗುಡಿ ಕಟ್ಟೆ ಮೇಲೆ ಕೂತು ಒಬ್ಬರನ್ನೊಬ್ಬರು ಕೇಳಿಕೊಂಡೆವು. ಯಾರೂ ಹಾಕಿರಲಿಲ್ಲ! ಅವತ್ತಿನಿಂದ ಎಲ್ಲರೂ ಸೇರಿಯೇ ಮಾತಾಡೋದು ಅಂತ ಆಯಿತು. ರೇಟೂ ಏರಿತು.

ದುಡ್ಡಿಗಿಂತ ಜಾಸ್ತಿ ಜಗಳ ಆಗಿದ್ದು ನೀರಿಗೆ. ನೆಲ ಸಪಾಟು ಮಾಡುವಾಗ ಬದು ಒಡೆದರು. ಮೊದಲ ದೊಡ್ಡ ಮಳೆಗೆ ನೀರು ಕೆಳಗಿನ ಹೊಲಕ್ಕೆ ನುಗ್ಗಿತು. ಕಾಯಿಗೆ ಬಂದಿದ್ದ ಹೆಸರು ಬೇರು ಸಮೇತ ಹಳ್ಳ ಸೇರಿತು. ಆ ಹೊಲದವರಿಗೆ ಬಾಡಿಗೆಯೂ ಇಲ್ಲ, ಪರಿಹಾರವೂ ಇಲ್ಲ. ಗೇಟಿನ ಮುಂದೆ ಟ್ರ್ಯಾಕ್ಟರ್ ಅಡ್ಡ ನಿಲ್ಲಿಸಿದ ಮೇಲೆ ಅಂಚಿಗುಂಟ ಕಾಲುವೆ ತೋಡಿ ನೀರನ್ನು ಕೃಷಿಹೊಂಡಕ್ಕೆ ತಿರುಗಿಸಿದರು. ಬದು, ಹಳ್ಳ, ಬಂಡಿ ದಾರಿ ಇವು ಕರಾರು ಪತ್ರದಲ್ಲಿ ನಕಾಶೆ ಸಮೇತ ಬರಲಿ. ಬಾಯಿಮಾತು ನಡೆಯೋದಿಲ್ಲ.

ನರಗುಂದದಿಂದ

ಅಣ್ಣಾ, ಹೆಣ್ಣಾಳುಗಳ ಬಗ್ಗೆ ಕೇಳಿದಿರಲ್ಲ, ಖುಷಿ ಆಯಿತು. ಸಾಮಾನ್ಯವಾಗಿ ಯಾರೂ ಕೇಳೋದಿಲ್ಲ. ಪಾವಗಡದ ಸೋಲಾರ್ ಪಾರ್ಕ್ ನೋಡಿ. ಸುಮಾರು 13,000 ಎಕರೆ, 2,050 ಮೆಗಾವಾಟ್. ಜಮೀನು ಮಾರಿಸಲಿಲ್ಲ, ಲೀಸ್‌ಗೆ ಪಡೆದರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ 5% ಏರಿಕೆ. ಬರಗಾಲದ ಸೀಮೆಯ ರೈತರಿಗೆ ಅದು ಸಣ್ಣ ಮಾತಲ್ಲ. ಆದರೆ ಬಾಡಿಗೆ ಬರೋದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಕೂಲಿಯೂ ಹೋಯಿತು, ಬಾಡಿಗೆಯೂ ಬರಲಿಲ್ಲ.

ಹಾಗಾಗಿ ಹುಲ್ಲು ಕೊಯ್ಯುವ, ಪ್ಯಾನಲ್ ಒರೆಸುವ ಕೆಲಸ ಊರಿನ ಹೆಣ್ಣುಮಕ್ಕಳ ಸಂಘಕ್ಕೇ ಕೊಡಬೇಕು ಅಂತ ಬರೆಸಿ. ಹೊರಗಿನ ಗುತ್ತಿಗೆದಾರ ಬಂದರೆ ಆಳುಗಳನ್ನೂ ಹೊರಗಿನಿಂದಲೇ ತರುತ್ತಾನೆ. ಪ್ಯಾನಲ್ ಕೆಳಗಿನ ಹುಲ್ಲಿಗೆ ಕುರಿ ಬಿಡೋಕೂ ಒಪ್ಪಿಸಬಹುದು. ಬೇರೆ ಕಡೆ ಬಿಡುತ್ತಾರೆ. ಆಡು ಮಾತ್ರ ಬೇಡ, ಪ್ಯಾನಲ್ ಮೇಲೇ ಹತ್ತಿ ನಿಲ್ಲುತ್ತವೆ.

ಇನ್ನೊಂದು, ನಿಮಗೆ ಅಕ್ಕತಂಗಿಯರು ಇದ್ದಾರಾ? ಅಪ್ಪ, ತಮ್ಮ ಅಂತ ಮಾತ್ರ ಬರೆದಿದ್ದೀರಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮ ಪಾಲು ಅಂತ 2005ರಲ್ಲೇ ಕಾನೂನು ತಿದ್ದಿದ್ದಾರೆ. ಅವರನ್ನೂ ಕೂಡಿಸಿಕೊಂಡು ಮಾತಾಡಿ.

ಹಾವೇರಿಯಿಂದ

ಪರಿಸರಕ್ಕೆ ಒಳ್ಳೆಯದು ಅನ್ನೋ ಮಾತು ನಮ್ಮ ಕಡೆ ಹಳೆಯದು. 1984ರಲ್ಲಿ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಂಪನಿಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಅಂತ ಮಾಡಿದವು. ಸುಮಾರು 30,000 ಹೆಕ್ಟೇರ್ ಸರ್ಕಾರಿ ಜಮೀನಿನಲ್ಲಿ ನೀಲಗಿರಿ ಹಚ್ಚುವ ಯೋಜನೆ. ಗಿಡ ಹಚ್ಚೋದು ಒಳ್ಳೆಯದೇ ಅಲ್ವಾ? ಆದರೆ ಜನ ದನ ಮೇಯಿಸುತ್ತಿದ್ದದ್ದು, ಕಟ್ಟಿಗೆ ತರುತ್ತಿದ್ದದ್ದು ಅಲ್ಲೇ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಕಿತ್ತು ತಮಗೆ ಬೇಕಾದ ಸಸಿ ಹಚ್ಚಿದರು. ಕಿತ್ತಿಕೋ ಹಚ್ಚಿಕೋ ಅಂತ ಹೆಸರಾದ ಸತ್ಯಾಗ್ರಹ ಅದು. ಕೋರ್ಟಿಗೂ ಹೋದರು. 1991ರಲ್ಲಿ ಕರ್ನಾಟಕ ಪಲ್ಪ್‌ವುಡ್ ಮುಚ್ಚಿತು.

ಸೋಲಾರ್ ನೀಲಗಿರಿ ಅಲ್ಲ, ಒಪ್ಪುತ್ತೇನೆ. ನಿಮ್ಮ ಹೊಲ ನಿಮ್ಮದು. ಆದರೆ ಅದೇ ಪಟ್ಟಿಯಲ್ಲಿ ಊರಿನ ಗಾಯರಾಣ (ದನ ಮೇಯಿಸುವ ಗೋಮಾಳ) ಸೇರಿದೆಯಾ ಅಂತ ಪಂಚಾಯ್ತಿಯಲ್ಲಿ ಕೇಳಿ. ಸೇರಿದ್ದರೆ ಅದು ನಿಮ್ಮ ಮನೆಯ ತೀರ್ಮಾನ ಅಲ್ಲ, ಗ್ರಾಮಸಭೆಯಲ್ಲಿ ಆಗಬೇಕು. ಚಿಗರಿ (ಜಿಂಕೆ) ಓಡಾಡುವ ಬಯಲಾದರೆ ಬೇಲಿ ಎಲ್ಲಿ ಹಾಕುತ್ತಾರೆ ಅಂತಲೂ ಕೇಳಿ.

ಧಾರವಾಡದಿಂದ

ಲೀಸ್ ಒಂದೇ ದಾರಿ ಅಲ್ಲ. 2019ರ ಪಿಎಂ ಕುಸುಮ್ ಯೋಜನೆಯಲ್ಲಿ ರೈತರೇ 500 ಕಿಲೋವಾಟ್‌ನಿಂದ 2 ಮೆಗಾವಾಟ್‌ವರೆಗೆ ಘಟಕ ಹಾಕಿ ಕರೆಂಟ್ ಮಾರಬಹುದು. ಸಬ್‌ಸ್ಟೇಷನ್ 5 ಕಿಲೋಮೀಟರ್ ಒಳಗಿದ್ದರೆ ಅನುಕೂಲ. ಎತ್ತರಕ್ಕೆ ಕಟ್ಟಿದರೆ ಕೆಳಗೆ ಬೆಳೆಯೂ ತೆಗೆಯಬಹುದು. ಆದರೆ ಹಾಕುವ ಬಂಡವಾಳ ಕೋಟಿ ಲೆಕ್ಕದ್ದು. ಒಬ್ಬರ ಕೈಯಲ್ಲಿ ಆಗೋದಲ್ಲ, ನಾಲ್ಕಾರು ಮನೆ ಸೇರಬೇಕು. ಸೇರೋದೇ ಕಷ್ಟ, ಗೊತ್ತಲ್ಲ.

ಮತ್ತೆ ಗದಗ ತಾಲೂಕಿನಿಂದ

ಒಂದು ಬಿಟ್ಟೆ. ಸಾಲದ ಬೋಜಾ ಪಹಣಿಯಲ್ಲಿ ಇದ್ದರೆ ಮೊದಲು ಬ್ಯಾಂಕಿನಲ್ಲಿ ಕೇಳು. ಲೀಸ್ ಮುಗಿದ ಮೇಲೆ ಕಂಬ, ಕಾಂಕ್ರೀಟ್, ಒಡೆದ ಪ್ಯಾನಲ್ ಯಾರು ತೆಗೆಯಬೇಕು, ಯಾರ ಖರ್ಚಿನಲ್ಲಿ ಅಂತ ಬರೆಸು. ಕಂಪನಿ ಮಧ್ಯದಲ್ಲಿ ಬೇರೆಯವರಿಗೆ ಮಾರಿದರೆ ಇದೇ ಕರಾರು ಅವರಿಗೂ ಅನ್ವಯ ಅಂತ ಒಂದು ಸಾಲು ಇರಲಿ. ಪತ್ರ ಇಂಗ್ಲಿಷ್‌ನಲ್ಲಿ ಬರುತ್ತದೆ. ಕನ್ನಡದಲ್ಲಿ ಕೊಡದೆ ಸಹಿ ಇಲ್ಲ ಅಂತ ಹೇಳು, ಕೊಡುತ್ತಾರೆ. ನಮಗೆ ಕೊಟ್ಟರು.