ಹಸು ಗಬ್ಬ ನಿಲ್ಲುತ್ತಿಲ್ಲ, ಹಾರ್ಮೋನ್ ಸೂಜಿ ಹಾಕಿಸಬಹುದಾ?

ಜಗಳೂರು ಕಡೆಯಿಂದ: ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು ಕರು ಹಾಕಿ ಆರು ತಿಂಗಳು ದಾಟಿದೆ. ಎಷ್ಟು ಸಲ ಕಡ್ಡಿ (ಕೃತಕ ಗರ್ಭಧಾರಣೆ) ಹಾಕಿಸಿದರೂ ಗಬ್ಬ ನಿಲ್ಲುತ್ತಿಲ್ಲ. ಹಾರ್ಮೋನ್ ಕೊಟ್ಟು ಬೆದೆಗೆ ತರೋಣ ಅಂತಾರೆ ಡಾಕ್ಟರ್. ಅಪ್ಪ ಮಾತ್ರ ‘ಸೂಜಿ ಚುಚ್ಚಿ ಚುಚ್ಚಿ ಬರಡಾಗುತ್ತೆ, ಹೋರಿ ಹತ್ತಿರ ಹೊಡ್ಕೊಂಡು ಹೋಗು’ ಅಂತ ಹಟ ಹಿಡಿದಿದ್ದಾರೆ. ಮಾಡಿಸಿದವರು ಹೇಳಿ.

ಹರಿಹರ: ಹಾರ್ಮೋನ್‌ಗೆ ದುಡ್ಡು ಹಾಕುವ ಮೊದಲು ನಿಮ್ಮ ಮನೆಯಲ್ಲಿ ಬೆದೆ ಗುರುತಿಸುವವರು ಯಾರು, ಫೋನ್ ಮಾಡುವವರು ಯಾರು ನೋಡಿ. ನಮ್ಮೂರಲ್ಲಿ ತರಬೇತಿಗೆ ಹೋಗಿ ಊಟ ಮಾಡಿಕೊಂಡು ಬರುವವರು ಗಂಡಸರು. ಹಾಲು ಕರೆಯುವಾಗ ಬಾಲದ ಕೆಳಗೆ ಲೋಳೆ ನೋಡುವವರು ಹೆಂಗಸರು! ಅವರು ಬೆಳಗ್ಗೆ ಹೇಳಿದ್ದು ಇವರ ಕಿವಿಗೆ ಬೀಳುವಷ್ಟರಲ್ಲಿ ರಾತ್ರಿ ಆಗಿರುತ್ತೆ, ಆಮೇಲೆ ಸೂಜಿಯನ್ನು ಬೈದರೆ ಏನು ಬಂತು? ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೇ ದಿನ ಬೆಳಗ್ಗೆ ಹಾಕಿಸಬೇಕು. ಲೋಳೆ ತಿಳಿಯಾಗಿ ನೂಲಿನಂತೆ ಇಳಿಯಬೇಕು. ಬೆಳ್ಳಗೆ ಕೀವು ಬೆರೆತಿದ್ದರೆ ಸೋಂಕಿದೆ ಅಂತ, ಮೊದಲು ಅದಕ್ಕೆ ಔಷಧಿ ಆಗಲಿ. ಕ್ಯಾಲೆಂಡರಿನಲ್ಲಿ ತಾರೀಕು ಬರೆದಿಡಿ, 18ರಿಂದ 24 ದಿನದೊಳಗೆ ಮತ್ತೆ ಬೆದೆ ಬರುತ್ತಾ ಕಾಯಿರಿ.

ಹಿರಿಯೂರು: ನಾವು ಮಾಡಿಸಿದ್ದೇವೆ. ಮೊದಲ ದಿನ ಒಂದು ಸೂಜಿ, ಏಳು ದಿನ ಬಿಟ್ಟು ಇನ್ನೊಂದು, ಅದಾದ ಎರಡು ದಿನಕ್ಕೆ ಮತ್ತೊಂದು, ಮಾರನೇ ದಿನ ಕಡ್ಡಿ. ಬೆದೆ ಕಾಯುವ ತಲೆನೋವು ತಪ್ಪುತ್ತೆ, ಅಷ್ಟೇ, ಗಬ್ಬ ನಿಲ್ಲುವ ಗ್ಯಾರಂಟಿ ಯಾರೂ ಕೊಡಲ್ಲ. ಹಸು ಬಡಕಲಾಗಿದ್ದರೆ ಸುಮ್ನೆ ದುಡ್ಡು ದಂಡ. ಬರೀ ಒಣ ಮೆಕ್ಕೆಜೋಳದ ಸಪ್ಪೆ ಹಾಕಿ ಸೂಜಿ ಮೇಲೆ ಭಾರ ಹಾಕುವವರೇ ಜಾಸ್ತಿ. ಹಿಂಡಿ, ಖನಿಜ ಮಿಶ್ರಣ ದಿನಾ ಕೊಡಿ. ಇನ್ನೊಂದು, ಶುರು ಮಾಡುವ ಮೊದಲು ಡಾಕ್ಟರ್ ಕೈ ಹಾಕಿ ಗಬ್ಬ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲೇಬೇಕು. ಏಳನೇ ದಿನ ಕೊಡುವುದು ಪ್ರೊಸ್ಟಾಗ್ಲಾಂಡಿನ್ ಅನ್ನೋ ಹಾರ್ಮೋನ್, ಗಬ್ಬದ ಹಸುವಿಗೆ ಬಿದ್ದರೆ ಕಂದು ಹಾಕುತ್ತೆ. ಅಪ್ಪನ ಹೆದರಿಕೆ ಪೂರ್ತಿ ಸುಳ್ಳಲ್ಲ, ಅಲ್ವಾ? ಆದರೆ ಊರೆಲ್ಲ ಸುತ್ತುವ ಹೋರಿಯಿಂದಲೂ ಗರ್ಭಕೋಶದ ರೋಗ ದಾಟುತ್ತೆ, ಅದನ್ನೂ ಅವರಿಗೆ ಹೇಳಿ.

ಚನ್ನಗಿರಿ: ಯಾರಾದರೂ ‘ಹೆಣ್ಣುಗರು ಬೀಳುವ ಕಡ್ಡಿ ಹಾಕಿಸಿ’ ಅಂದರೆ ಈ ಹಸುವಿಗೆ ಈಗ ಬೇಡ. ನೂರಕ್ಕೆ ತೊಂಬತ್ತರಷ್ಟು ಹೆಣ್ಣೇ ಬರುತ್ತೆ ನಿಜ, ಆದರೆ ಮಾಮೂಲಿ ಕಡ್ಡಿಗಿಂತ ಗಬ್ಬ ನಿಲ್ಲುವುದು ಕಡಿಮೆ. ಚೆನ್ನಾಗಿ ಬೆಳೆದ ಕಡಸಿಗೆ ಇಟ್ಟುಕೊಳ್ಳಿ. ಕಡ್ಡಿ ಹಾಕಿಸಿ ಮೂರು ತಿಂಗಳಾಗುವುದರೊಳಗೆ ಗಬ್ಬ ಪರೀಕ್ಷೆ ಮಾಡಿಸಿ. ಕೈ ಹಾಕಿದರೆ ಕರು ಇಳಿದುಹೋಗುತ್ತೆ ಅಂತ ನಮ್ಮತ್ತೆಯೂ ಅಡ್ಡ ನಿಂತಿದ್ದರು. ಡಾಕ್ಟರ್ ಪರೀಕ್ಷೆ ಮಾಡುವಾಗ ಅವರನ್ನೇ ಹಗ್ಗ ಹಿಡಿಯಲು ನಿಲ್ಲಿಸಿದೆವು, ಈಗ ಪಕ್ಕದ ಮನೆಯವರಿಗೆ ಅವರೇ ಹೇಳುತ್ತಾರೆ.