ಪೇಸ್ಟ್ ಹಲ್ಲಿಗೋ ಹೆಡ್‌ಲೈಟಿಗೋ

ಭಾನುವಾರ ಬೆಳಿಗ್ಗೆ 6:42ಕ್ಕೆ ಚಿಕ್ಕಪ್ಪ ನಮ್ಮ ಮನೆಯವರ ಗುಂಪಿಗೆ ಒಂದು ವಿಡಿಯೊ ಹಾಕಿದರು. ಹಳದಿ ಹಿಡಿದ ಕಾರಿನ ಹೆಡ್‌ಲೈಟ್, ಅದರ ಮೇಲೆ ಟೂತ್‌ಪೇಸ್ಟ್, ಒಂದು ಹಳೇ ಬಟ್ಟೆ. ಹಿಂದೆ ಢಂಢಂ ಅಂತ ಸಂಗೀತ. ನಲವತ್ತೇ ಸೆಕೆಂಡಿನಲ್ಲಿ ದೀಪ ಫಳಫಳ. ಮೇಲೆ 'ಹಲವು ಬಾರಿ ಫಾರ್ವರ್ಡ್ ಆಗಿದೆ' ಅನ್ನುವ ಎರಡು ಬಾಣದ ಗುರುತು.

ಚಿಕ್ಕಪ್ಪ: ಮೆಕ್ಯಾನಿಕ್‌ಗಳು ಇದನ್ನು ಯಾಕೆ ಹೇಳಿಕೊಡುವುದಿಲ್ಲ ಅಂತ ಈಗ ಗೊತ್ತಾಯಿತಾ? ಎಲ್ಲರೂ ನೋಡಿ. ನಾಲ್ಕು ಜನಕ್ಕೆ ಕಳಿಸಿ.

ಅಕ್ಕ: ಮೂಲ ಎಲ್ಲಿ ಚಿಕ್ಕಪ್ಪ? ಯಾರು ಮಾಡಿದ ವಿಡಿಯೊ ಇದು?

ಅಕ್ಕನ ಖಾಯಂ ಪ್ರಶ್ನೆ ಇದು. ಶುಭೋದಯದ ಚಿತ್ರ ಕಳಿಸಿದರೂ ಮೂಲ ಕೇಳುವವಳು ಅವಳು.

ಚಿಕ್ಕಪ್ಪ: ಕಣ್ಣಿಗೆ ಕಾಣುವುದಕ್ಕೂ ಮೂಲ ಬೇಕಾ?

ಅಕ್ಕ: ಪೇಸ್ಟಿನಲ್ಲಿ ನುಣ್ಣನೆಯ ಪುಡಿ ಇರುತ್ತದೆ. ಅದು ಮೇಲಿನ ಮಬ್ಬನ್ನು ಒಂದಿಷ್ಟು ಉಜ್ಜಿ ತೆಗೆಯುತ್ತದೆ, ಅಷ್ಟೇ. ದೀಪದ ಗಾಜು ಅಂತೀವಲ್ಲ, ಅದು ಗಾಜೇ ಅಲ್ಲ. ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್. ಬಿಸಿಲಿನ ಯುವಿ ಕಿರಣ ತಡೆಯಲು ಅದರ ಮೇಲೆ ತೆಳ್ಳಗೆ ಒಂದು ಕೋಟಿಂಗ್ ಇರುತ್ತದೆ. ಅದು ಹಾಳಾದಾಗಲೇ ಹಳದಿ ಹಿಡಿಯುವುದು. ಪೇಸ್ಟ್ ಹಚ್ಚಿದರೆ ಆ ಕೋಟಿಂಗ್ ವಾಪಸ್ ಬರುತ್ತಾ? ಸ್ವಲ್ಪ ದಿನಕ್ಕೆ ಮತ್ತೆ ಅದೇ ಮಬ್ಬು.

ಇಷ್ಟು ಬರೆದದ್ದಕ್ಕೆ ಒಂದು ಹೆಬ್ಬೆರಳೂ ಬೀಳಲಿಲ್ಲ. ನಾನೂ ಒತ್ತಲಿಲ್ಲ. ಒತ್ತಿದರೆ ಅಕ್ಕನ ಪಾರ್ಟಿ ಅಂತ ಹೆಸರು ಬರುತ್ತದೆ.

ದೊಡ್ಡಪ್ಪ: ನಮ್ಮ ಕಾಲದಲ್ಲಿ ವಸ್ತುವನ್ನು ಜೋಪಾನ ಮಾಡುತ್ತಿದ್ದೆವು. ಕಾರನ್ನು ನೆರಳಿಗೆ ನಿಲ್ಲಿಸುತ್ತಿದ್ದೆವು. ಈಗ ಹಾಳು ಮಾಡುವುದು, ಆಮೇಲೆ ಉಜ್ಜುವುದು. ಮೊದಲು ಮನಸ್ಸಿನ ಮಬ್ಬು ತೆಗೆಯಿರಿ.

ಏಳು ಜನ ಕೈಮುಗಿದರು. ನೆರಳಿನ ಮಾತು ನಿಜವೇ, ಬಿಸಿಲು ಕಡಿಮೆ ಬಿದ್ದರೆ ಹಳದಿಯೂ ನಿಧಾನ. ಆದರೆ ಕೈಮುಗಿದದ್ದೆಲ್ಲ ಕೊನೆಯ ಸಾಲಿಗೆ.

ಅಷ್ಟರಲ್ಲಿ ಅತ್ತೆಯ ಮಗ ರಘು ಎದ್ದ.

ರಘು: ತಾತನ ಕಾರಿನ ದೀಪ ನೆನಪಿದೆಯಾ? ದುಂಡಗೆ, ಅಪ್ಪಟ ಗಾಜು. ಒಂದು ದಿನ ಹಳದಿ ಆಗಲಿಲ್ಲ. ನಾನು ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚುತ್ತಿದ್ದೆ.

ಅತ್ತೆ: ನಿನಗೆ ಬಾಚಲು ಎಲ್ಲಿ ಬರುತ್ತಿತ್ತು? ನಾನೇ ಬಾಚುತ್ತಿದ್ದೆ.

ಮುಂದಿನ ಮೂವತ್ತು ಮೆಸೇಜು ತಾತನ ಕಾರಿನದೇ. ಅದರ ಹಾರ್ನ್, ಕಿತ್ತುಹೋದ ಸೀಟಿನ ರೆಕ್ಸಿನ್, ಕಿಟಕಿ ಪಕ್ಕ ಯಾರು ಕೂರುತ್ತಿದ್ದರು. ಕಿಟಕಿಯ ಲೆಕ್ಕ ಇನ್ನೂ ತೀರಿಲ್ಲ.

ಅಕ್ಕ: ಗಾಜಿಗೆ ಹಳದಿ ಬರುವುದಿಲ್ಲ, ನಿಜ. ಆದರೆ ಕಲ್ಲು ಬಿದ್ದರೆ ಒಡೆಯುತ್ತಿತ್ತು. ಭಾರವೂ ಜಾಸ್ತಿ. ಅದಕ್ಕೇ ಪ್ಲಾಸ್ಟಿಕ್ ಬಂದದ್ದು.

ರಘು: ತಾತನ ಕಾರಿಗೂ ಕಲ್ಲು ಬಿದ್ದಿತ್ತು! ಹೊಡೆದದ್ದು ಮಾವ!

ಅವನ ಮಾವ ಅಂದರೆ ನಮ್ಮ ಚಿಕ್ಕಪ್ಪ.

ಚಿಕ್ಕಪ್ಪ: ಅದು ಮರಕ್ಕೆ ಎಸೆದ ಕಲ್ಲು. ಹಳೇದು ಕೆದಕುವುದಾದರೆ ನನ್ನ ಹತ್ತಿರವೂ ಇದೆ. ಎಲ್ಲದಕ್ಕೂ ಮೂಲ ಕೇಳುವವರು ಮೊದಲು ತಮ್ಮ ಮನೆಯಲ್ಲಿ ಕೇಳಲಿ. ನನ್ನ ಕಾರಿನ ಎಡಗಡೆ ದೀಪದ ಗೀರಿಗೆ ಮೂಲ ಯಾರು ಅಂತ.

ಗುಂಪು ಸುಮ್ಮನಾಯಿತು. ಮೂರು ವರ್ಷದ ಹಿಂದೆ ಆ ಕಾರನ್ನು ಎರಡು ದಿನಕ್ಕೆ ಅಂತ ತೆಗೆದುಕೊಂಡು ಹೋದವರು ಭಾವ. 'ಟೈಪ್ ಮಾಡುತ್ತಿದ್ದಾರೆ' ಅಂತ ಬಂತು, ಹೋಯಿತು, ಮತ್ತೆ ಬಂತು.

ಭಾವ: ಆ ಗೀರು ಮೊದಲೇ ಇತ್ತು. ಫೋಟೊ ಇದೆ.

ಚಿಕ್ಕಪ್ಪ: ಹಾಕಿ.

ಭಾವ: ಹಳೇ ಫೋನಿನಲ್ಲಿದೆ.

ರಘು: 😂😂

ಅಕ್ಕ: ಗೀರು ಬೇರೆ, ಮಬ್ಬು ಬೇರೆ. ಉಗುರು ಆಡಿಸಿದರೆ ತಡೆಯುವಷ್ಟು ಆಳ ಇದ್ದರೆ ಪೇಸ್ಟಿಗೆ ಹೋಗುವುದಿಲ್ಲ. ಉಪ್ಪುಕಾಗದವೇ ಬೇಕು, ನೀರು ಹಾಕಿ ಉಜ್ಜುವಂಥದ್ದು. ಬಣ್ಣಕ್ಕೆ ತಾಗದ ಹಾಗೆ ಸುತ್ತ ಟೇಪ್ ಅಂಟಿಸಿ. 800, ಆಮೇಲೆ 1500, 2000, ಕೊನೆಗೆ 3000. ಅದಾದ ಮೇಲೆ ಪಾಲಿಶ್. ಅದರ ಮೇಲೆ ಯುವಿ ಕೋಟಿಂಗ್. ಈ ಕೊನೆಯದನ್ನು ಬಿಟ್ಟರೆ ಉಜ್ಜಿದ್ದೆಲ್ಲ ದಂಡ.

ಅತ್ತೆ: 3000 ಸಲ ಉಜ್ಜಬೇಕಾ?!

ಅಕ್ಕ: ಅದು ಕಾಗದದ ನಂಬರ್ ಅತ್ತೆ. ನಂಬರ್ ಜಾಸ್ತಿ ಆದಷ್ಟೂ ನುಣುಪು.

ದೊಡ್ಡಪ್ಪ: ಹಿರಿಯರಿಗೆ ನಂಬರ್ ಕಲಿಸುವ ಕಾಲ ಬಂತು.

ಮತ್ತೆ ಐದು ಜನ ಕೈಮುಗಿದರು. ಅದರಲ್ಲಿ ಅತ್ತೆಯೂ ಒಬ್ಬರು.

ಈ ನಡುವೆ ಅತ್ತಿಗೆ ಒಂದು ಪ್ರಶ್ನೆ ಕೇಳಿದ್ದರು. ಮಬ್ಬು ದೀಪದ ಒಳಗಡೆ ಇದ್ದರೆ ಏನು ಮಾಡುವುದು ಅಂತ. ಇಡೀ ದಿನದ ಅತಿ ಜಾಣ ಪ್ರಶ್ನೆ. ಒಳಗೆ ತೇವ ಸೇರಿದ್ದರೆ ಹೊರಗೆ ಎಷ್ಟು ಉಜ್ಜಿದರೂ ಅಷ್ಟೇ, ಸೀಲ್ ನೋಡಬೇಕು. ಯಾರೂ ಉತ್ತರ ಕೊಡಲಿಲ್ಲ. ಅದರ ಕೆಳಗೆ ರಘು, ಸೊಳ್ಳೆಗೆ ಮೈಗೆ ಹೊಡೆದುಕೊಳ್ಳುವ ಸ್ಪ್ರೇ ಹಾಕಿದರೆ ಇನ್ನೂ ಬೇಗ ಹೊಳೆಯುತ್ತದೆ ಅಂತ ಇನ್ನೊಂದು ವಿಡಿಯೊ ಹಾಕಿದ.

ಅಕ್ಕ: ಬೇಡ! ಅದರಲ್ಲಿ ಡೀಟ್ ಅನ್ನುವ ರಾಸಾಯನಿಕ ಇದ್ದರೆ ಪ್ಲಾಸ್ಟಿಕ್ಕಿನ ಮೇಲ್ಪದರವನ್ನೇ ಮೆತ್ತಗೆ ಮಾಡುತ್ತದೆ. ಅದಕ್ಕೇ ಆ ಹೊಳಪು. ಬಂಪರ್ ಮೇಲೆ ಸುರಿದರೆ ಬಣ್ಣವೂ ಹೋಗುತ್ತದೆ.

ರಘು: ಅಕ್ಕ ಬೆಳಿಗ್ಗೆಯಿಂದ ಬರೀ ಬೇಡ ಬೇಡ.

ಆಗ ಅಕ್ಕ ಲಿಂಕ್ ಹಾಕಿದಳು. 2018ರಲ್ಲಿ ಅಮೆರಿಕದ ವಾಹನ ಸಂಘ ಎಎಎ ಮಾಡಿದ ಪರೀಕ್ಷೆ. ಮಬ್ಬು ಹಿಡಿದ ಹಳೇ ದೀಪಗಳು ಲೋ ಬೀಮ್‌ನಲ್ಲಿ ಹೊಸದರ 22% ಬೆಳಕು ಮಾತ್ರ ಕೊಟ್ಟವು ಅಂತ ಅದರಲ್ಲಿದೆ. ಲಿಂಕ್ ಬಂದದ್ದು 11:05ಕ್ಕೆ. ಚಿಕ್ಕಪ್ಪನ ಉತ್ತರವೂ 11:05ಕ್ಕೇ.

ಚಿಕ್ಕಪ್ಪ: ನಾನು ಹೇಳಿದ್ದೂ ಅದೇ ಅಲ್ವಾ? ಅದಕ್ಕೇ ಪೇಸ್ಟ್ ಹಚ್ಚಿ ಅಂದದ್ದು.

ಅಕ್ಕ ಮತ್ತೆ ಬರೆಯಲಿಲ್ಲ. ಆಮೇಲೆ ಮಾತಾಡಿದ್ದು, ಗುಂಪಿನಲ್ಲಿ ಯಾವತ್ತೂ ಬಾಯಿ ತೆರೆಯದ ಚಿಕ್ಕಮ್ಮ.

ಚಿಕ್ಕಮ್ಮ: ಇವರು ನಿನ್ನೆಯೇ ಹಚ್ಚಿ ಆಗಿದೆ. ಮನೆಯಲ್ಲಿ ಹಲ್ಲುಜ್ಜಲು ಪೇಸ್ಟ್ ಇಲ್ಲ.

ಈ ಮೆಸೇಜಿಗೆ ಬಿದ್ದಷ್ಟು ನಗು ಈ ಗುಂಪು ಶುರುವಾದಾಗಿನಿಂದ ಯಾವುದಕ್ಕೂ ಬಿದ್ದಿಲ್ಲ. ಚಿಕ್ಕಪ್ಪ ಗುಂಪು ಬಿಟ್ಟು ಹೋದರು. ಅಡ್ಮಿನ್ ನಾನು, ಹತ್ತು ನಿಮಿಷ ಬಿಟ್ಟು ವಾಪಸ್ ಸೇರಿಸಿದೆ. ಇದು ಮೂರು ತಿಂಗಳಿಗೊಮ್ಮೆ ನಡೆಯುವಂಥದ್ದೇ.

ಸಂಜೆ ಅವರು ನನಗೊಬ್ಬನಿಗೇ ಫೋಟೊ ಕಳಿಸಿದರು. ಬಲಗಡೆ ದೀಪ ನಿಜಕ್ಕೂ ತಿಳಿಯಾಗಿತ್ತು. ಎಡಗಡೆಯದರಲ್ಲಿ ಪೇಸ್ಟಿನ ಪುಡಿ ಆ ಗೀರಿನೊಳಗೆ ಹೋಗಿ ಒಣಗಿ ಕೂತಿತ್ತು. ಮೊದಲು ಹುಡುಕಿದರೆ ಮಾತ್ರ ಕಾಣುತ್ತಿದ್ದ ಗೀರು ಈಗ ಸೀಮೆಸುಣ್ಣದಲ್ಲಿ ಗೆರೆ ಎಳೆದ ಹಾಗೆ ಬೆಳ್ಳಗೆ ಎದ್ದು ಕಾಣುತ್ತಿತ್ತು.

ಚಿಕ್ಕಪ್ಪ: 800ರಿಂದಲೇ ಶುರು ಮಾಡಬೇಕಾ? ಕೇಳಿ ಹೇಳು. ನಾನು ಕೇಳಿದೆ ಅನ್ನಬೇಡ.

ಅಕ್ಕನಿಗೆ ಬೇರೆ ಮೆಸೇಜ್ ಮಾಡಿದೆ. ಸ್ನೇಹಿತನೊಬ್ಬ ಕೇಳುತ್ತಿದ್ದಾನೆ ಅಂದೆ.

ಅಕ್ಕ: ಬರೀ ಮಬ್ಬಿದ್ದರೆ 1000ದಿಂದ ಸಾಕು. ಗೀರಿದ್ದರೆ ಆ ಜಾಗಕ್ಕೆ ಮಾತ್ರ 800. ನೀರು ಬಿಡುತ್ತಲೇ ಇರಲಿ, ಒಣಗಲು ಬಿಡಬಾರದು. ಎಡಗಡೆ ದೀಪ ಅಲ್ವಾ?