2003ರ ಮೋಲ್ಡ್ ಸೋರುತ್ತಿದೆ: ಇಟ್ಟಿಗೆ ಚೂರಿನ ಗಾರೆಯಾ, ಕೋಟಿಂಗಾ, ಶೀಟಾ?

ತಾರಸಿಮನೆ:
ತುಮಕೂರಿನಲ್ಲಿ 30×40 ಸೈಟು, ನೆಲಮಹಡಿ ಮಾತ್ರ. 2003ರಲ್ಲಿ ಮೋಲ್ಡ್ ಹಾಕಿದ್ದು. ತಾರಸಿ ಸುಮಾರು 1000 ಚದರ ಅಡಿ. ಅದರ ಮೇಲೆ 2 ಇಂಚು ಗಾರೆ ಇದೆ, ಅಲ್ಲಲ್ಲಿ ಬಿರುಕು ಬಿಟ್ಟಿದೆ. ಮಳೆನೀರು ಇಳಿಯಲು ಒಂದು ಮೂಲೆಯಲ್ಲಿ 3 ಇಂಚಿನ ಒಂದೇ ಪೈಪು.

ತೇವ ಎರಡು ಕಡೆ. ಒಂದು, ಹಾಲ್‌ನಲ್ಲಿ ಗೋಡೆ ಮತ್ತು ಸೀಲಿಂಗ್ ಸೇರುವ ಮೂಲೆ, ಸರಿಯಾಗಿ ಪ್ಯಾರಾಪೆಟ್ ಕೆಳಗೆ. ಇನ್ನೊಂದು, ರೂಮಿನ ಸೀಲಿಂಗ್ ನಡುವೆ. ಅಲ್ಲಿ ಅಂಗೈ ಅಗಲ ಗಾರೆ ಉದುರಿ ತುಕ್ಕು ಹಿಡಿದ ಕಂಬಿ ಕಾಣುತ್ತಿದೆ, ಮೇಲ್ಗಡೆ ನೀರಿನ ಟ್ಯಾಂಕ್ ಇದೆ.

ಮೇಸ್ತ್ರಿ 4 ಇಂಚು ಇಟ್ಟಿಗೆ ಚೂರು ಹಾಕಿ ಗಾರೆ ಎಳೆಯೋಣ ಅಂತಾರೆ. ಪೇಂಟ್ ಅಂಗಡಿಯವರು 20 ಲೀಟರ್ ಬಕೆಟ್ ಒಂದು ಸಾಕು ಅಂತಾರೆ. ಪಕ್ಕದ ಮನೆಯವರು ಶೀಟ್ ಹಾಕಿಸಿಬಿಡಿ ಅಂತಾರೆ. ಬೇಸಿಗೆಯ ಸೆಕೆಯೂ ಕಮ್ಮಿಯಾದರೆ ಒಳ್ಳೆಯದು. ಯಾವುದು ಸರಿ?

ರಸಮಟ್ಟ:
ಇಟ್ಟಿಗೆ ಚೂರಿನ ಮಾತು ಮೊದಲು ಬಿಡಿ. 4 ಇಂಚಿನ ಆ ಪದರ ಚದರ ಮೀಟರಿಗೆ 180ರಿಂದ 200 ಕೆ.ಜಿ. ತೂಗುತ್ತೆ. ನಿಮ್ಮ ತಾರಸಿ 93 ಚದರ ಮೀಟರ್, ಅಂದರೆ 17–18 ಟನ್. ಜನ ಓಡಾಡುವ ತಾರಸಿಗೆ ಮಾಮೂಲಾಗಿ ಲೆಕ್ಕ ಹಿಡಿಯುವ ಓಡಾಟದ ಭಾರವೇ ಚದರ ಮೀಟರಿಗೆ 150 ಕೆ.ಜಿ. ಕಂಬಿ ತುಕ್ಕು ಹಿಡಿದಿರುವ ಸ್ಲ್ಯಾಬ್ ಮೇಲೆ, ಹಳೇ ಗಾರೆನೂ ಹಾಗೇ ಬಿಟ್ಟು ಅಷ್ಟನ್ನು ಏರಿಸುವುದು ಅಪಾಯ. ಸಾಲದ್ದಕ್ಕೆ ಇಟ್ಟಿಗೆ ಚೂರು ನೀರು ಕುಡಿದು ಹಿಡಿದಿಟ್ಟುಕೊಳ್ಳುತ್ತೆ. ಮೇಲಿನ ಗಾರೆ ಒಂದು ಕಡೆ ಬಿರಿದರೂ ಮಳೆ ನಿಂತು ಎಷ್ಟೋ ದಿನ ಒಳಗೆ ಜಿನುಗುತ್ತಲೇ ಇರುತ್ತೆ.

ಪೈಪಿನ ಲೆಕ್ಕವೂ ತಪ್ಪಿದೆ. ಗಂಟೆಗೆ 75 ಮಿ.ಮೀ. ಮಳೆಗೆ 3 ಇಂಚಿನ ಪೈಪು 27 ಚದರ ಮೀಟರ್ ತಾರಸಿಗೆ ಸಾಕಾಗುತ್ತೆ, 4 ಇಂಚಿನದು 57ಕ್ಕೆ. ನಿಮಗೆ 4 ಇಂಚಿನ ಎರಡು ಬೇಕು, ಎದುರುಬದುರು ಮೂಲೆಗಳಲ್ಲಿ. ಈಗ ಜೋರು ಮಳೆ ಬಂದಾಗಲೆಲ್ಲ ನೀರು ಪ್ಯಾರಾಪೆಟ್ ಬುಡದಲ್ಲಿ ನಿಲ್ಲುತ್ತಿರಬೇಕು. ಹಾಲ್ ಮೂಲೆ ನೆನೆಯಲು ಅಷ್ಟು ಸಾಕು. ಸ್ಲ್ಯಾಬ್ ಬೇರೆ, ಪ್ಯಾರಾಪೆಟ್ ಇಟ್ಟಿಗೆ ಬೇರೆ, ಬಿಸಿಲಿಗೆ ಎರಡೂ ಬೇರೆ ಬೇರೆಯಾಗಿ ಹಿಗ್ಗುತ್ತವೆ. ಆ ಸಂದಿ ಬಿಟ್ಟುಕೊಳ್ಳದ ಮನೆ ಅಪರೂಪ.

ಒಂದು ಪ್ರಶ್ನೆ: ಟ್ಯಾಂಕ್ ಕೆಳಗಿನ ತೇವ ಬೇಸಿಗೆಯಲ್ಲೂ ಇರುತ್ತಾ?

ತಾರಸಿಮನೆ:
ಹೌದು ಸರ್, ಮಾರ್ಚ್‌ನಲ್ಲೂ ಹಸಿ ಹಸಿ ಇರುತ್ತೆ. ಹಾಲ್ ಮೂಲೆ ಮಾತ್ರ ಮಳೆಗಾಲದಲ್ಲಿ.

ರಸಮಟ್ಟ:
ಹಾಗಾದರೆ ಅದು ಮಳೆನೀರಲ್ಲ. ಟ್ಯಾಂಕ್ ತುಂಬಿಸಿ, ಕೆಳಗಿಳಿಯುವ ವಾಲ್ವ್‌ಗಳನ್ನೆಲ್ಲ ಮುಚ್ಚಿ, ರಾತ್ರಿ ಮಟ್ಟ ಗುರುತು ಮಾಡಿ ಬೆಳಿಗ್ಗೆ ನೋಡಿ. ಇಳಿದಿದ್ದರೆ ಟ್ಯಾಂಕ್ ಅಥವಾ ಅದರ ನಿಪ್ಪಲ್ (ಟ್ಯಾಂಕಿಗೆ ಪೈಪ್ ಸೇರಿಸುವ ತುಂಡು) ಸೋರುತ್ತಿದೆ. ಇಳಿಯದಿದ್ದರೆ ವಾಲ್ವ್ ತೆರೆದು, ನಲ್ಲಿಗಳನ್ನೆಲ್ಲ ಬಂದ್ ಮಾಡಿ ಇನ್ನೊಂದು ರಾತ್ರಿ ಬಿಡಿ. ಆಗ ಇಳಿದರೆ ಗಾರೆಯೊಳಗೆ ಹೂತ ಪೈಪಿನ ಜಾಯಿಂಟ್. ಎರಡರಲ್ಲೂ ಇಳಿಯದಿದ್ದರೆ ಓವರ್‌ಫ್ಲೋ ನೀರು ಎಲ್ಲಿ ಬೀಳುತ್ತೆ ನೋಡಿ, ಎಷ್ಟೋ ಮನೆಗಳಲ್ಲಿ ಅದು ಟ್ಯಾಂಕ್ ಬುಡಕ್ಕೇ ಸುರಿಯುತ್ತಿರುತ್ತೆ. ಇದನ್ನು ಸರಿಮಾಡದೆ ಮೇಲೆ ಏನು ಬಳಿದರೂ ದುಡ್ಡು ದಂಡ.

ಕರಣೆ:
ಕೆಲಸದ ಕ್ರಮ ನಾನು ಹೇಳ್ತೀನಿ. ಬಯಲುಸೀಮೆಗೆ ಜನವರಿಯಿಂದ ಮಾರ್ಚ್ ಒಳ್ಳೆ ಕಾಲ. ಏಪ್ರಿಲ್ ಬಂದರೆ ಗುಡುಗು ಮಳೆ ಶುರುವಾಗುತ್ತೆ.

ಹಳೇ 2 ಇಂಚು ಗಾರೆ ತೆಗೆಸಿ. ಅದರಿಂದಲೇ 9–10 ಟನ್ ಭಾರ ಇಳಿಯುತ್ತೆ. ಸಣ್ಣ ಚಿಸಲ್ ಮಿಷನ್ ಸಾಕು, ದೊಡ್ಡ ಬ್ರೇಕರ್ ತರಬೇಡಿ, ಸ್ಲ್ಯಾಬ್ ಅದುರುತ್ತೆ. ಟ್ಯಾಂಕ್ ಕೆಳಗಿನ ಜಾಗಕ್ಕೆ ಒಳಗಿನಿಂದ ಜಾಕಿ (ಆಸರೆ ಕಂಬ) ಕೊಟ್ಟಿರಿ. ಒಡೆದ ಮಣ್ಣು-ಗಾರೆಯನ್ನು ತಾರಸಿ ನಡುವೆ ಗುಡ್ಡೆ ಹಾಕದೆ ಆಗಾಗಲೇ ಇಳಿಸಿ.

ಸ್ಲ್ಯಾಬ್ ಬರಿದಾದ ಮೇಲೆ ವೈರ್ ಬ್ರಷ್ ಹಾಕಿ ತೊಳೆಯಿರಿ. ಬಿರುಕು ಕಂಡಲ್ಲಿ 10 ಮಿ.ಮೀ. ಅಗಲ, 10 ಮಿ.ಮೀ. ಆಳ ವಿ ಆಕಾರಕ್ಕೆ ಕೊರೆದು ಪಾಲಿಮರ್ ಮಾರ್ಟರ್ (ಪಾಲಿಮರ್ ಬೆರೆಸಿದ ಸಿಮೆಂಟ್ ಗಾರೆ) ತುಂಬಿ. ಪ್ಯಾರಾಪೆಟ್ ಬುಡದಲ್ಲಿ ಸುತ್ತಲೂ ಗಾರೆಯನ್ನು ಒಂದಡಿ ಎತ್ತರಕ್ಕೆ ಕೆತ್ತಿ, ಮೂಲೆಗೆ 50×50 ಮಿ.ಮೀ. ಓರೆ ಗಾರೆ ಕಟ್ಟಿ, ಸಿಮೆಂಟ್-ಮರಳು 1:3 ಮಿಶ್ರಣ. ನೇರ ಮೂಲೆ ಬಿಟ್ಟರೆ ಕೋಟಿಂಗ್ ಮೊದಲು ಹರಿಯುವುದೇ ಅಲ್ಲಿ. ಮಳೆನೀರಿನ ಪೈಪುಗಳನ್ನು ಈ ಹಂತದಲ್ಲೇ ಕೂರಿಸಿ ಸುತ್ತಲಿನ ಸಂದಿಗೆ ಗ್ರೌಟ್ (ತೆಳು ಸಿಮೆಂಟ್ ಗಾರೆ) ತುಂಬಿ, ಆಮೇಲೆ ತೂತು ಕೊರೆದರೆ ಮಾಡಿದ್ದೆಲ್ಲ ಹಾಳು.

ಮುಂದೆ ಪುಡಿ-ದ್ರವ ಎರಡು ಭಾಗದ ಸಿಮೆಂಟ್ ಆಧಾರಿತ ವಾಟರ್‌ಪ್ರೂಫಿಂಗ್. ಇದಕ್ಕೆ ನೆಲ ನೆನೆದಿರಬೇಕು, ಆದರೆ ಮೇಲೆ ನೀರು ನಿಂತಿರಬಾರದು. ಒಣ ಸ್ಲ್ಯಾಬಿಗೆ ಬಳಿದರೆ ಅದರ ನೀರನ್ನು ಕಾಂಕ್ರೀಟ್ ಹೀರಿ ಪುಡಿಪುಡಿಯಾಗಿ ಏಳುತ್ತೆ. ಪಿಯು (ಪಾಲಿಯುರೆಥೇನ್) ಕೋಟಿಂಗಿಗೆ ಇದು ತದ್ವಿರುದ್ಧ, ಒಳಗೆ ತೇವ ಇದ್ದರೆ ಗುಳ್ಳೆ ಬರುತ್ತೆ. ಒಂದರ ನಿಯಮವನ್ನು ಇನ್ನೊಂದಕ್ಕೆ ಹಾಕುವ ಕೆಲಸಗಾರರು ಬೇಕಾದಷ್ಟು ಜನ ಇದ್ದಾರೆ, ನಿಂತು ನೋಡಿ. ಮೊದಲ ಕೋಟ್ ಹಸಿ ಇರುವಾಗಲೇ ಓರೆ ಗಾರೆ ಮೇಲೆ ಫೈಬರ್ ಮೆಶ್ ಪಟ್ಟಿ ಒತ್ತಿ. ಎರಡನೆಯದು ಅಡ್ಡ ದಿಕ್ಕಿಗೆ. ಪ್ಯಾರಾಪೆಟ್ ಮೇಲಕ್ಕೂ ಒಂದಡಿ ಹತ್ತಿಸಿ. ಅದೂ ಸೇರಿ 105 ಚದರ ಮೀಟರ್ ಆಗುತ್ತೆ, ಚದರ ಮೀಟರಿಗೆ ಒಂದೂವರೆಯಿಂದ 2 ಕೆ.ಜಿ. ಹಿಡಿದರೆ 160–210 ಕೆ.ಜಿ. ಮಾಲು. ಬೆಳಿಗ್ಗೆ 10ರ ಒಳಗೆ ಇಲ್ಲವೇ 4ರ ಮೇಲೆ ಬಳಿಯಿರಿ.

ಅಂಗಡಿಯವರ 20 ಲೀಟರ್ ಬಕೆಟ್ ನಿಮ್ಮ ತಾರಸಿಗೆ ಹರಡಿದರೆ ಹಸಿಯಲ್ಲೇ 0.2 ಮಿ.ಮೀ. ದಪ್ಪ. ಅದು ಬಣ್ಣ, ವಾಟರ್‌ಪ್ರೂಫಿಂಗ್ ಅಲ್ಲ.

ಡಬ್ಬಿಯ ಮೇಲೆ ಹೇಳಿದಷ್ಟು ದಿನ ಬಿಟ್ಟು, ಪೈಪಿನ ಬಾಯಿ ಕಟ್ಟಿ, ಒಂದೆರಡು ಇಂಚು ನೀರು 48 ಗಂಟೆ ನಿಲ್ಲಿಸಿ. ಕೆಳಗೆ ಕಲೆ ಕಾಣದಿದ್ದರೆ ಮಾತ್ರ ಮುಂದಿನ ಗಾರೆ. ಕೊನೆಯ ಕಂತು ಈ ಪರೀಕ್ಷೆ ಆದಮೇಲೆ ಕೊಡಿ.

ನೀರು ಪೈಪಿನ ಕಡೆ ಹರಿಯಲು ಹಾಕುವ ವಾಟದ ಗಾರೆ 1:4, 100ಕ್ಕೆ 1 ಇಳಿಜಾರು. ದೂರದ ತುದಿಯಿಂದ ಪೈಪಿಗೆ 15 ಅಡಿ ಇದ್ದರೆ 45 ಮಿ.ಮೀ. ಇಳಿತ, ಪೈಪಿನ ಹತ್ತಿರ 20 ಮಿ.ಮೀ. ದಪ್ಪ. 10 ಅಡಿಗೊಂದು ಸಂದಿ ಬಿಟ್ಟು ಸೀಲಂಟ್ ತುಂಬಿ. 7 ದಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಕ್ಯೂರಿಂಗ್ ಇಲ್ಲದ ಗಾರೆ ಎರಡೇ ಬೇಸಿಗೆಗೆ ಬಿರಿಯುತ್ತೆ.

ರಸಮಟ್ಟ:
ಒಳಗಿನ ಕಂಬಿ ಬಗ್ಗೆ. ಸುಮ್ಮನೆ ಗಾರೆ ಮೆತ್ತಬೇಡಿ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತೆ, ಕಾಂಕ್ರೀಟನ್ನು ಒಳಗಿಂದಲೇ ದಬ್ಬಿ ಮತ್ತೆ ಉದುರಿಸುತ್ತೆ. ಸುತ್ತಿಗೆಯಲ್ಲಿ ಸುತ್ತಲೂ ತಟ್ಟಿ, ಟೊಳ್ಳು ಸದ್ದು ಬರುವಷ್ಟು ದೂರ ಕೆತ್ತಿಸಿ, ಕಂಬಿಯ ಹಿಂದೆ ಬೆರಳು ಆಡುವಷ್ಟು ಜಾಗ ಆಗಬೇಕು. ವೈರ್ ಬ್ರಷ್‌ನಲ್ಲಿ ತುಕ್ಕು ತೆಗೆದು ಜಿಂಕ್ ಪ್ರೈಮರ್ ಬಳಿದು, ಹಳೇ ಕಾಂಕ್ರೀಟಿಗೆ ಹೊಸದು ಅಂಟಲು ಬಾಂಡ್ ಕೋಟ್ ಕೊಟ್ಟು, ಪಾಲಿಮರ್ ಮಾರ್ಟರನ್ನು ಸುಮಾರು 10–15 ಮಿ.ಮೀ. ಪದರಗಳಲ್ಲಿ ಕಟ್ಟಿ. ಒಂದೇ ಸಲ ದಪ್ಪ ಹೊಡೆದರೆ ಜೋತು ಬೀಳುತ್ತೆ. ಸ್ವಚ್ಛ ಮಾಡಿದ ಮೇಲೆ ವರ್ನಿಯರ್ ಹಿಡಿದು ಅಳೆಯಿರಿ. 8 ಮಿ.ಮೀ. ಕಂಬಿ 7ಕ್ಕೆ ಇಳಿದಿದ್ದರೂ ಅದರ ಬಲದಲ್ಲಿ ಕಾಲು ಭಾಗ ಹೋಗಿದೆ ಅಂತ ಲೆಕ್ಕ. ಆಗ ಮೇಸ್ತ್ರಿ ಮಾತಿಗೆ ಬಿಡದೆ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ, ಹೊಸ ಕಂಬಿ ಜೋಡಿಸಬೇಕಾಗಬಹುದು.

ಕರಣೆ:
ಸೆಕೆಗೆ: ವಾಟದ ಗಾರೆ ಪೂರ್ತಿ ಒಣಗಿದ ಮೇಲೆ ಬಿಳಿ ಕೂಲ್ ರೂಫ್ ಕೋಟ್ ಎರಡು ಕೈ. ಕೈಗೆ ದುಡ್ಡು ಹತ್ತದಿದ್ದರೆ ಗಮ್ ಬೆರೆಸಿದ ಸುಣ್ಣವೂ ಆಗುತ್ತೆ, ವರ್ಷವರ್ಷ ಬಳಿಯಬೇಕು ಅಷ್ಟೆ. ಎರಡೂ ಪಾಚಿ, ಧೂಳಿಗೆ ಕಪ್ಪಾಗುತ್ತವೆ, ಬೇಸಿಗೆಗೆ ಮುಂಚೆ ಉಜ್ಜಿ ತೊಳೆಯದಿದ್ದರೆ ಉಪಯೋಗ ಕಮ್ಮಿ.

ಶೀಟ್ ಬೇಡ ಅಂತಲ್ಲ, ಕೆಳಗೆ ಗಾಳಿ ಆಡಿದರೆ ನೆರಳಿಗೆ ಅದರಷ್ಟು ಒಳ್ಳೆಯದಿಲ್ಲ. ಆದರೆ ಟ್ಯಾಂಕ್ ಪೈಪ್ ಸೋರುವುದನ್ನು ಅದು ನಿಲ್ಲಿಸಲ್ಲ. ಕಂಬಗಳ ಬೇಸ್ ಪ್ಲೇಟನ್ನು ಸ್ಲ್ಯಾಬ್ ನಡುವೆ ಬೋಲ್ಟ್ ಹೊಡೆದರೆ ಒಂದೊಂದು ಬೋಲ್ಟೂ ಹೊಸ ಸೋರಿಕೆ. ಕೆಳಗೆ ಗೋಡೆ ಅಥವಾ ಬೀಮ್ ಇರುವ ಕಡೆ ಒಂದಡಿ ಕಾಂಕ್ರೀಟ್ ಪೆಡೆಸ್ಟಲ್ ಕಟ್ಟಿ ಅದಕ್ಕೆ ಕೂರಿಸಿ. ಬುಡದ ಸುತ್ತ ಕೋಟಿಂಗ್ ಹತ್ತಿಸಬೇಕು, ಆದ್ದರಿಂದ ಶೀಟ್ ಹಾಕುವ ಯೋಚನೆ ಇದ್ದರೆ ಪೆಡೆಸ್ಟಲ್ ಈಗಲೇ ಕಟ್ಟಿಸಿಡಿ. ಸೋಲಾರ್ ವಾಟರ್ ಹೀಟರ್ ಸ್ಟ್ಯಾಂಡಿಗೂ ಇದೇ ರೀತಿ.